ಹಳೆಯ ಕಾರಿಗೆ ಹೊಸ ಕಿವಿ

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಅಡ್ಡರಸ್ತೆಗಳಲ್ಲಿ ನಡೆದಾಡುವವರಿಗೆ ಈ ನೋಟ ಅಪರಿಚಿತವಲ್ಲ. ಹಳೆಯ ಮನೆಯ ಗೇಟಿನೊಳಗೆ ಹೊದಿಕೆ ಹೊದ್ದು ನಿಂತ ಒಂದು ಕಾರು. ಹೊದಿಕೆಯಂಚಿನಿಂದ ಇಣುಕುವ ಉದ್ದನೆಯ ಮೂತಿ. ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆ 1984ರಿಂದ 2002ರವರೆಗೆ ತಯಾರಿಸಿದ ಕಾಂಟೆಸ್ಸಾ ಅದು. ಅಂಬಾಸಡರ್, ಪದ್ಮಿನಿಗಳ ಕಾಲದಲ್ಲಿ ನಮ್ಮವರ ಪಾಲಿಗೆ ಐಷಾರಾಮವೆಂದರೆ ಅದೇ. 1995ರಲ್ಲಿ ಪುಣೆಯಲ್ಲಿ ಬೆಂಜ್ ಕಾರುಗಳು ತಯಾರಾಗತೊಡಗಿದ ಮೇಲೆ ಕೆಲವು ಸ್ಥಿತಿವಂತರ ಅಂಗಳಕ್ಕೆ ಅವೂ ಬಂದವು. ಈ ಕಾರುಗಳೆಲ್ಲ ಕ್ಯಾಸೆಟ್ಟಿನ ಯುಗದವು. ಇಂದು ಅವುಗಳ ಒಡೆಯರ ಸಂಗೀತವೆಲ್ಲ ಮೊಬೈಲ್ ಫೋನಿನೊಳಗೆ ಸೇರಿಕೊಂಡಿದೆ. ಹೀಗಾಗಿ ಹಳೆಯ ಕಾರಿಗೆ ಬ್ಲೂಟೂತ್ ಜೋಡಿಸಬೇಕೇ, ಬೇಡವೇ ಎಂಬ ಪ್ರಶ್ನೆ ಅನೇಕ ಮನೆಗಳಲ್ಲಿ ಎದ್ದಿದೆ.

ಜೋಡಿಸಬಹುದು, ಆದರೆ ಎರಡು ಕಟ್ಟುಪಾಡುಗಳೊಡನೆ. ಕಾರಿನ ಮೈಯನ್ನು ಕೊಯ್ಯಬಾರದು, ಚಾಲಕನ ಮನಸ್ಸನ್ನು ಕದಿಯಬಾರದು. ಇದು ನನ್ನ ನಿಲುವು.

ಮೊದಲನೆಯ ಮಾತಿಗೆ ಕಾರಣವಿದೆ. ನಿವೃತ್ತ ಎಂಜಿನಿಯರರಾದ ನನ್ನ ಮಿತ್ರರೊಬ್ಬರು ಮೊಮ್ಮಗನ ಒತ್ತಾಯಕ್ಕೆ ಮಣಿದು ತಮ್ಮ ಕಾಂಟೆಸ್ಸಾವನ್ನು ಒಂದು ಅಂಗಡಿಗೆ ಒಪ್ಪಿಸಿದರು. ಸಂಜೆ ಹೋಗಿ ನೋಡಿದರೆ, ದೊಡ್ಡ ಪರದೆಯೊಂದನ್ನು ಕೂರಿಸುವ ಸಲುವಾಗಿ ಡ್ಯಾಶ್‌ಬೋರ್ಡಿನ ನಡುಭಾಗವನ್ನೇ ಗರಗಸದಿಂದ ಕತ್ತರಿಸಿದ್ದರು. ಕತ್ತರಿಸಿದ ತುಂಡನ್ನು ಅವರು ಪತ್ರಿಕೆಯಲ್ಲಿ ಸುತ್ತಿ ಮನೆಗೆ ತಂದರು. "ಇದನ್ನು ಮತ್ತೆ ಅಂಟಿಸೋದು ಹೇಗೆ, ಮೇಷ್ಟ್ರೇ?" ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ತಯಾರಿಕೆ ನಿಂತು ಎರಡು ದಶಕಗಳು ಕಳೆದಿರುವ ಕಾರಿಗೆ ಹೊಸ ಡ್ಯಾಶ್‌ಬೋರ್ಡ್ ತರುವುದೆಲ್ಲಿಂದ? ಆ ಪರದೆಯಾದರೋ ನಾಲ್ಕೈದು ವರ್ಷಗಳಲ್ಲಿ ಹಳತಾಗುತ್ತದೆ. ಅಷ್ಟು ಅಲ್ಪಾಯುಷಿಯಾದ ವಸ್ತುವಿಗಾಗಿ ಇಷ್ಟು ದೀರ್ಘಾಯುಷಿಯಾದ ವಸ್ತುವನ್ನು ಊನಗೊಳಿಸುವುದು ಯಾವ ವಿವೇಕ?

ಕೊಯ್ಯದೆ ಜೋಡಿಸುವ ದಾರಿಗಳಿವೆ. ಸಿಗರೇಟ್ ಲೈಟರಿನ ಕುಳಿಗೆ ಸಿಕ್ಕಿಸುವ ಪುಟ್ಟ ಎಫ್.ಎಂ. ಪ್ರಸಾರಕವು ಫೋನಿನ ಹಾಡನ್ನು ಬ್ಲೂಟೂತ್ ಮೂಲಕ ಪಡೆದು, ಕಾರಿನ ರೇಡಿಯೋಗೆ ಬಿತ್ತರಿಸುತ್ತದೆ. ಅಗ್ಗವೇನೋ ಹೌದು, ಆದರೆ ಅದಕ್ಕೊಂದು ಖಾಲಿ ಕಂಪನಾಂಕ ಬೇಕು. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ ಆರಂಭವಾದ ಊರು ನಮ್ಮದು. ಆಕಾಶವಾಣಿಯ ಜೊತೆಗೆ ಖಾಸಗಿ ಕೇಂದ್ರಗಳೂ ಕಿಕ್ಕಿರಿದಿರುವ ಈ ನಗರದಲ್ಲಿ, ಟೌನ್‌ಹಾಲ್ ಬಳಿ ಇಂಪಾಗಿ ಕೇಳಿದ ಆಲಾಪನೆ ಮಿನರ್ವ ವೃತ್ತಕ್ಕೆ ಬರುವಷ್ಟರಲ್ಲಿ ಗೊರಗೊರ ಎಂದರೆ ಅಚ್ಚರಿಯಿಲ್ಲ.

ಎರಡನೆಯದು ಕ್ಯಾಸೆಟ್ಟಿನ ವೇಷ ತೊಟ್ಟ ಉಪಕರಣ. ಟೇಪಿನ ಬದಲು ಅದರಲ್ಲಿ ಒಂದು ಪುಟ್ಟ ಕಾಂತೀಯ ಸುರುಳಿ ಇರುತ್ತದೆ. ಅದು ಹೊಮ್ಮಿಸುವ ಕಾಂತಕ್ಷೇತ್ರವನ್ನು ಪ್ಲೇಯರಿನ ಹೆಡ್ಡು ಟೇಪೆಂದೇ ಭ್ರಮಿಸಿ ಓದುತ್ತದೆ. ಈ ಸರಳ ಜಾಣ್ಮೆ ಕಂಡಾಗ ನನ್ನೊಳಗಿನ ವಿಜ್ಞಾನದ ಮೇಷ್ಟ್ರಿಗೆ ಸಂತೋಷವಾಗುತ್ತದೆ. ಮೂರನೆಯದು ಎಲ್ಲಕ್ಕಿಂತ ಮೇಲು: ನುರಿತ ರೇಡಿಯೋ ರಿಪೇರಿಯವರಿಂದ ಹಳೆಯ ಸೆಟ್ಟಿನೊಳಗೇ, ಧ್ವನಿವರ್ಧಕ ಭಾಗಕ್ಕೆ ಮುನ್ನ, ಒಂದು ಬ್ಲೂಟೂತ್ ಗ್ರಾಹಕವನ್ನು ಅಡಗಿಸಿಡುವುದು. ಹೊರಗಿನ ಗುಂಡಿಗಳೂ ಮುಖವೂ ಹಾಗೆಯೇ ಉಳಿಯುತ್ತವೆ. ಬಿಡಿಭಾಗಗಳಿಗೆ ಎಸ್.ಪಿ. ರಸ್ತೆಯಿದೆ, ಕಾರಿನ ಸಾಮಾನುಗಳಿಗೆ ಜೆ.ಸಿ. ರಸ್ತೆಯಿದೆ. ಒಂದೇ ಎಚ್ಚರಿಕೆ: ಗ್ರಾಹಕಕ್ಕೆ ಕೊಡುವ ವಿದ್ಯುತ್ತು ಕಾರಿನ ಕೀಲಿ ತಿರುಗಿಸಿದಾಗ ಮಾತ್ರ ಹರಿಯುವ ತಂತಿಯಿಂದ ಬರಬೇಕು, ನಡುವೆ ಫ್ಯೂಸ್ ಇರಬೇಕು. ಬ್ಯಾಟರಿಯಿಂದ ನೇರವಾಗಿ ಎಳೆದರೆ, ವಾರಕ್ಕೊಮ್ಮೆ ಹೊರಡುವ ಕಾರು ಗಾಂಧಿ ಬಜಾರಿಗೆ ಹೊರಟ ದಿನ ತಳ್ಳಿಸಿಕೊಳ್ಳಬೇಕಾದೀತು.

ಎರಡನೆಯ ಕಟ್ಟುಪಾಡು ಇನ್ನೂ ಮುಖ್ಯ. ಬ್ಲೂಟೂತ್ ಬಂದರೆ ಸಂಗೀತದ ಹಿಂದೆಯೇ ಕರೆಯೂ ಬರುತ್ತದೆ. "ಕೈಯಲ್ಲಿ ಫೋನ್ ಹಿಡಿಯೋದೇ ಇಲ್ಲವಲ್ಲ ತಾತ, ಇನ್ನೇನು ಅಪಾಯ?" ಎಂಬುದು ಆ ಮೊಮ್ಮಗನ ವಾದ. ಕಾನೂನೂ ಬಹುಮಟ್ಟಿಗೆ ಅವನ ಪಕ್ಷದಲ್ಲೇ ಇದ್ದಂತೆ ತೋರುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯು ಅಪಾಯಕಾರಿ ಚಾಲನೆಯ ಪಟ್ಟಿಯಲ್ಲಿ ಹೆಸರಿಸಿರುವುದು ಕೈಯಲ್ಲಿ ಹಿಡಿದ ಸಂಪರ್ಕ ಸಾಧನಗಳ ಬಳಕೆಯನ್ನು. ಆದರೆ ಅಪಾಯವಿರುವುದು ಕೈಯಲ್ಲಲ್ಲ, ಗಮನದಲ್ಲಿ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಸ್ಟ್ರೇಯರ್ ಮತ್ತು ಜಾನ್‌ಸ್ಟನ್ ಎಂಬ ಮನೋವಿಜ್ಞಾನಿಗಳು 2001ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಮನನೀಯ. ಚಾಲನೆಯನ್ನು ಹೋಲುವ ಕೆಲಸದಲ್ಲಿ ತೊಡಗಿದ್ದವರು ಫೋನಿನಲ್ಲಿ ಮಾತನಾಡುತ್ತಿದ್ದಾಗ, ಕೆಂಪು ಸಂಕೇತವನ್ನು ಕಾಣದೆ ಹೋಗುವುದು ಇಮ್ಮಡಿಯಾಯಿತು. ಫೋನ್ ಕೈಯಲ್ಲಿದ್ದರೂ ಇಲ್ಲದಿದ್ದರೂ ಫಲಿತಾಂಶದಲ್ಲಿ ಭೇದವಿರಲಿಲ್ಲ. ಸುಮ್ಮನೆ ರೇಡಿಯೋ ಕೇಳುತ್ತಿದ್ದವರಲ್ಲಾದರೋ ಈ ದೋಷ ಕಾಣಿಸಲಿಲ್ಲ.

ಇದರ ಅರ್ಥ ಸ್ಪಷ್ಟ. ಹಾಡು ಚಾಲಕನಿಂದ ಉತ್ತರವನ್ನು ಕೇಳುವುದಿಲ್ಲ, ಕರೆ ಕೇಳುತ್ತದೆ. ಪಕ್ಕದಲ್ಲಿ ಕುಳಿತವರು ರಸ್ತೆಯನ್ನು ಕಂಡು ಮಾತು ನಿಲ್ಲಿಸಬಲ್ಲರು, ದೂರದಲ್ಲಿರುವವರಿಗೆ ಡಿ.ವಿ.ಜಿ. ರಸ್ತೆಯಲ್ಲಿ ಅಡ್ಡಬಂದ ಮಗು ಕಾಣುವುದಿಲ್ಲ. ಮೇಲಾಗಿ ಈ ಹಳೆಯ ಕಾರುಗಳಲ್ಲಿ ಅನೇಕಕ್ಕೆ ಗಾಳಿಚೀಲವಾಗಲಿ, ಚಕ್ರ ಜಾರದಂತೆ ತಡೆಯುವ ಬ್ರೇಕ್ ವ್ಯವಸ್ಥೆಯಾಗಲಿ ಇಲ್ಲ. ಅವುಗಳ ರಕ್ಷಣೆ ಚಾಲಕನ ಕಣ್ಣು ಮತ್ತು ಪಾದ ಮಾತ್ರ.

ಪರಿಹಾರವೂ ಸುಲಭ. ಬ್ಲೂಟೂತಿನಲ್ಲಿ ಸಂಗೀತಕ್ಕೂ ಕರೆಗೂ ಬೇರೆ ಬೇರೆ ವಿಧಾನಗಳಿವೆ. ಬಹುತೇಕ ಫೋನುಗಳಲ್ಲಿ ಕರೆಯ ಆಯ್ಕೆಯನ್ನು ಆರಿಸಿ, ಸಂಗೀತವನ್ನಷ್ಟೇ ಉಳಿಸಿಕೊಳ್ಳಬಹುದು. ಮೊಮ್ಮಕ್ಕಳಿಗೆ ಇದು ಒಂದು ನಿಮಿಷದ ಕೆಲಸ. ಹಿರಿಯರು ಪಟ್ಟು ಹಿಡಿದು ಮಾಡಿಸಿಕೊಳ್ಳಬೇಕು.

ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ ಹೆರಾಲ್ಡನ ಅಡ್ಡಹೆಸರು ಬ್ಲೂಟೂತ್, ಅಂದರೆ ನೀಲಿಹಲ್ಲು. ಚದುರಿದ ಜನರನ್ನು ಅವನು ಒಗ್ಗೂಡಿಸಿದನೆಂಬ ಖ್ಯಾತಿಯಿಂದ, ಉಪಕರಣಗಳನ್ನು ಬೆಸೆಯುವ ಈ ತಂತ್ರಕ್ಕೆ ಆ ಹೆಸರು ಬಂತು. ತಾತನ ಕಾರನ್ನೂ ಮೊಮ್ಮಗನ ಫೋನನ್ನೂ ಅದು ಬೆಸೆಯಲಿ, ಬೇಡವೆನ್ನುವುದಿಲ್ಲ. ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ರಾಮನವಮಿಯ ಕಚೇರಿ ಕೇಳಿ ಹಿಂದಿರುಗುವಾಗ ಕಾರಿನೊಳಗೂ ಒಂದು ರಾಗ ಮುಂದುವರಿಯಲಿ. ಫೋನು ಮೊಳಗಿದರೆ, ಮನೆ ತಲುಪಿದ ಮೇಲೆ ಮಾತನಾಡಿದರಾಯಿತು.