‘ಕಡತ ಪತ್ತೆಯಾಗಿಲ್ಲ’ ಎಂಬ ಹಿಂಬರಹ

‘ಕೋರಿದ ಕಡತ ಈ ಕಚೇರಿಯಲ್ಲಿ ಪತ್ತೆಯಾಗಿಲ್ಲ’ ಎಂಬ ಒಂದು ಸಾಲಿನ ಹಿಂಬರಹ ಹಿಡಿದುಕೊಂಡು ವೃದ್ಧ ಕೃಷಿಕರೋರ್ವರು ಕಳೆದ ವಾರ ನಮ್ಮಲ್ಲಿಗೆ ಬಂದಿದ್ದರು. ತಂದೆಯ ಕಾಲದ ಗೇಣಿ ಭೂಮಿ. 1970ರ ದಶಕದಲ್ಲಿ ಲ್ಯಾಂಡ್ ಟ್ರಿಬ್ಯುನಲ್‌ನಿಂದ ದೊರೆತ ಕ್ರಯ ಸರ್ಟಿಫಿಕೇಟನ್ನು ಗೆದ್ದಲು ತಿಂದಿದೆ. ಮಕ್ಕಳಿಗೆ ಪಾಲು ಮಾಡಿಕೊಡಲು ಈಗ ನಕಲು ಬೇಕು. ಜತೆಗೆ ಕೇಳಿದ್ದ ಹಳೆಯ ಭೂದಾಖಲೆ ಪುಸ್ತಕವೂ ಇಲ್ಲವೆಂದೇ ಉತ್ತರ. ಆದರೆ ಅವರು ಪಟ್ಟು ಬಿಡದೆ, ಅನುಮತಿ ಪಡೆದು, ಸ್ವತಃ ಕಪಾಟಿನೆದುರು ನಿಂತು ನೋಡಿದಾಗ ಆ ಪುಸ್ತಕ ಅರ್ಧ ಗಂಟೆಯಲ್ಲಿ ಸಿಕ್ಕಿತು. ಅದರ ಮೇಲೆ ಗ್ರಾಮದ ಹೆಸರು ಕನ್ನಡದಲ್ಲಿತ್ತು. ಹುಡುಕಿದ ಗುಮಾಸ್ತರಿಗೆ ಕನ್ನಡ ಓದಲು ಬಾರದು, ಅಷ್ಟೆ. ಟ್ರಿಬ್ಯುನಲ್ ಕಡತ ಮಾತ್ರ ಇನ್ನೂ ಸಿಕ್ಕಿಲ್ಲ.

ಕಳೆದುಹೋದುದು ಬೇರೆ, ಓದಲಾಗದುದು ಬೇರೆ. ಎರಡಕ್ಕೂ ಒಂದೇ ಹಿಂಬರಹ ಬರೆಯುವುದು ಯಾವ ನ್ಯಾಯ?

1956ರ ನವೆಂಬರ್ 1ರ ತನಕ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿತ್ತು. ಬಳಿಕ ಕಣ್ಣೂರು ಜಿಲ್ಲೆಗೆ ಸೇರಿ, 1984ರ ಮೇ 24ರಂದು ಪ್ರತ್ಯೇಕ ಜಿಲ್ಲೆಯಾಯಿತು. ಆಡಳಿತ ಕೇಂದ್ರ ಬದಲಾದಾಗಲೆಲ್ಲ ಕಡತದ ಕಟ್ಟುಗಳಿಗೂ ಪ್ರಯಾಣ ತಪ್ಪಿದ್ದಲ್ಲ. ಮೂಲಗೇಣಿ ಚೀಟು, ಪಾಲುಪಟ್ಟಿ, ಶಾಲಾ ದಾಖಲಾತಿ ಪುಸ್ತಕ, ಹೀಗೆ ನಮ್ಮ ಹಿರಿಯರ ಬದುಕಿನ ಲೆಕ್ಕವೆಲ್ಲ ಕನ್ನಡ ಮೋಡಿ ಬರಹದಲ್ಲಿದೆ. ಅದನ್ನು ಓದಬಲ್ಲವರು ನಿವೃತ್ತರಾಗುತ್ತ ಬಂದಂತೆ ‘ಕಾಣೆಯಾದ’ ಕಡತಗಳ ಸಂಖ್ಯೆಯೂ ಏರಿದರೆ ಆಶ್ಚರ್ಯವೇನು?

2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಮಾಹಿತಿ ನಿರಾಕರಿಸಬಹುದಾದ ಕಾರಣಗಳ ಪಟ್ಟಿ ಇದೆ. ‘ಕಡತ ಸಿಗುತ್ತಿಲ್ಲ’ ಎಂಬುದು ಅದರಲ್ಲಿಲ್ಲ. ಒಮ್ಮೆ ಕಚೇರಿಯಲ್ಲಿದ್ದ ದಾಖಲೆ ಈಗ ಪತ್ತೆಯಿಲ್ಲವೆಂದರೆ ಸಾಲದು, ಕೂಲಂಕಷವಾಗಿ ಹುಡುಕಬೇಕು, ಅಗತ್ಯವಿದ್ದಲ್ಲಿ ಹೊಣೆಗಾರರನ್ನು ಗುರುತಿಸಬೇಕೆಂದು ದೆಹಲಿ ಹೈಕೋರ್ಟು 2013ರಲ್ಲಿ ಹೇಳಿದೆ. ನಿಯಮಾನುಸಾರ ನಾಶಪಡಿಸಿದ್ದರೆ ಅದಕ್ಕೊಂದು ನಮೂದು ಇರಲೇಬೇಕು. ಕೋರ್ಟಿಗೋ ಇನ್ನೊಂದು ಕಚೇರಿಗೋ ಹೋಗಿದ್ದರೆ ಕಳುಹಿಸಿದ ತಾರೀಖು ಇರಬೇಕು. ಎಲ್ಲಿ ಹುಡುಕಿದರು, ಯಾರು ಹುಡುಕಿದರು, ಕಡತ ಕೊನೆಯದಾಗಿ ಯಾರ ಕೈಯಲ್ಲಿತ್ತು, ಇಷ್ಟನ್ನಾದರೂ ಹಿಂಬರಹದಲ್ಲಿ ಬರೆಯಬೇಕೆಂದು ನಾವು ಒತ್ತಾಯಿಸುತ್ತೇವೆ.

ಹಳೆಯ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸುವ ಈ ಕಾಲದಲ್ಲಿ ಮಾತು ಇನ್ನಷ್ಟು ಗಂಭೀರ. ಇರುವ ಹಾಳೆಗಳ ಚಿತ್ರ ತೆಗೆದು, ಇಲ್ಲದ ಹಾಳೆಗಳ ಬಗ್ಗೆ ಸುಮ್ಮನಿದ್ದರೆ ನಾಳೆ ಅಂತಹ ಹಾಳೆ ಇತ್ತೆಂಬುದೇ ತಿಳಿಯದು. ಕ್ರಮಸಂಖ್ಯೆಯಲ್ಲಿ ಒಂದು ಬಿಟ್ಟುಹೋಗಿದ್ದರೆ ಅದನ್ನು ‘ಕೊರತೆ’ ಎಂದು ಗುರುತಿಸಿಯೇ ಮುಂದುವರಿಯಬೇಕು. ಕಾಣೆಯಾದವುಗಳ ಯಾದಿಯನ್ನು ವಿಲೇಜ್ ಆಫೀಸುಗಳಲ್ಲಿ ಪ್ರಕಟಿಸಿದರೆ ಮನೆಮನೆಯ ಪೆಟ್ಟಿಗೆಯಿಂದ ಎಷ್ಟೋ ನಕಲುಗಳು ಹೊರಬಂದಾವು. ರೆಕಾರ್ಡು ರೂಮಿಗೆ ಹಳೆಯ ಕನ್ನಡ ಕೈಬರಹ ಬಲ್ಲ ಒಬ್ಬರನ್ನು ನೇಮಿಸುವುದು ಸರಕಾರಕ್ಕೆ ಅಷ್ಟು ದೊಡ್ಡ ಹೊರೆಯೇ? ನಿವೃತ್ತ ಅಧ್ಯಾಪಕರನ್ನು ಕರೆದರೂ ಬಂದಾರು.

ನಮ್ಮವರೂ ಬರಿಗೈಯಲ್ಲಿ ಹಿಂತಿರುಗುವ ಅಭ್ಯಾಸ ಬಿಡಬೇಕು. ರಿಜಿಸ್ಟರಾದ ಆಧಾರದ ಮೂಲಪ್ರತಿ ಹೋದರೂ ಸಬ್ ರಿಜಿಸ್ಟ್ರಾರ್ ಕಚೇರಿಯ ಪುಸ್ತಕದಲ್ಲಿ ಅದರ ಪ್ರತಿ ಇರುತ್ತದೆ. ನಂಬ್ರ ಮರೆತಿದ್ದರೆ ಹೆಸರಿನ ಸೂಚಿಯಿಂದ ಹುಡುಕಿಸಬಹುದು. ಮೂಲ ಕಳೆದುಹೋದಾಗ ದೃಢೀಕೃತ ನಕಲನ್ನು ಕೋರ್ಟು ಸಾಕ್ಷ್ಯವಾಗಿ ಸ್ವೀಕರಿಸುತ್ತದೆ. ತೀರ್ವೆ ರಶೀದಿಯ ಹರಕು ಚೂರನ್ನೂ ಬಿಸಾಡಬೇಡಿ. ಅದರಲ್ಲಿನ ಸರ್ವೆ ನಂಬ್ರವೇ ಮುಂದಿನ ಹುಡುಕಾಟಕ್ಕೆ ದಾರಿ. ಅರ್ಜಿಯನ್ನು ಕನ್ನಡದಲ್ಲೇ ಬರೆಯಿರಿ. ಸರಕಾರದೊಡನೆ ಕನ್ನಡದಲ್ಲಿ ವ್ಯವಹರಿಸಿ ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ನಮಗೆ ಕೊಟ್ಟಿದೆ.

ಆ ಕೃಷಿಕರು ಟ್ರಿಬ್ಯುನಲ್ ಕಡತಕ್ಕಾಗಿ ಮಾಹಿತಿ ಹಕ್ಕಿನಡಿ ಮತ್ತೊಂದು ಅರ್ಜಿ ಹಾಕಿದ್ದಾರೆ, ಕನ್ನಡದಲ್ಲಿ. ಉತ್ತರಕ್ಕೆ ಕಾಯಿದೆ ಕೊಟ್ಟಿರುವ ಮೂವತ್ತು ದಿನಗಳ ವಾಯಿದೆ ಈ ತಿಂಗಳ ಕೊನೆಗೆ ತೀರುತ್ತದೆ.