ಗುಂಡಿ ತೋಡೋಕೆ ಕಾರಣ ಬೇಕಾ?

"ಸರಿಯಾಗಿ ಓದು, ಇಲ್ಲಾಂದ್ರೆ ನಾಳೆ ಗುಂಡಿ ತೋಡೋಕೆ ಹೋಗ್ಬೇಕಾಗತ್ತೆ."

ಈ ಡೈಲಾಗ್ ಕೇಳದೆ ಎಸ್ಸೆಸ್ಸೆಲ್ಸಿ ಮುಗಿಸಿದವರು ನಮ್ಮ ಕ್ಲಾಸಲ್ಲಿ ಯಾರಾದ್ರೂ ಇದ್ರೆ ಕೈ ಎತ್ತಿ. ನಮ್ಮನೆಯಲ್ಲಂತೂ ವಾರಕ್ಕೊಂದು ಸಲ ಗ್ಯಾರಂಟಿ. ನಾನೂ ಹೆದರಿ ಓದಿದೆ, ಸಿಇಟಿ ಬರೆದೆ, ಸೀಟು ಸಿಕ್ತು, ಈಗ ನಾಲ್ಕನೇ ಸೆಮಿಸ್ಟರ್. ಆದ್ರೆ ಕಳೆದ ಒಂದು ವರ್ಷದಲ್ಲಿ ನನ್ನ ತಲೆ ನಿಜವಾಗಿ ತಣ್ಣಗಾಗಿದ್ದು ಯಾವಾಗ ಅಂತ ಯೋಚಿಸಿದ್ರೆ ಉತ್ತರ ಒಂದೇ: ಗುಂಡಿ ತೋಡುವಾಗ.

ತಮಾಷೆ ಮಾಡ್ತಿಲ್ಲ. ಗುಂಡಿ ತೋಡೋದು ಒಳ್ಳೆ ಹವ್ಯಾಸ, ಅದಕ್ಕೆ ಬೇರೆ ಕಾರಣ ಬೇಕಿಲ್ಲ ಅಂತ ಹೇಳೋಕೆ ಈ ಲೇಖನ ಶುರು ಮಾಡಿದ್ದೆ. ಬರೀತಾ ಬರೀತಾ ಆ ಅಭಿಪ್ರಾಯ ಸ್ವಲ್ಪ ಬದಲಾಯಿತು. ಎಲ್ಲಿ ಬದಲಾಯಿತು ಅನ್ನೋದನ್ನೂ ಹೇಳ್ತೇನೆ.

ನಮ್ಮನೆ ಹೊನ್ನಾವರ. ಅಜ್ಜಿ ಮನೆ ಭಟ್ಕಳದ ಕಡೆ, ದೊಡ್ಡಮ್ಮನ ಮನೆ ಕುಮಟಾ. ಮೂರೂ ಊರು ಒಂದೇ ಹೆದ್ದಾರಿ 66ರ ಮೇಲೆ ಇವೆ. ಆದ್ರೆ ನನ್ನ ಕೈಗೆ ಮೂರು ಕಡೆ ಸಿಕ್ಕ ನೆಲ ಬೇರೆ ಬೇರೆ: ಒಂದು ಕಡೆ ಕೆಂಪುಕಲ್ಲು, ಒಂದು ಕಡೆ ಮರಳು, ಇನ್ನೊಂದು ಕಡೆ ಕೆಸರು.

ಮೊದಲು ಕೆಂಪುಕಲ್ಲು. ಮೂರನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಅಜ್ಜಿ ಮನೆಗೆ ಹೋಗಿದ್ದೆ. ಮ್ಯಾಥ್ಸ್ ಪೇಪರ್ ಹೋಗಿದೆ ಅಂತ ರಿಸಲ್ಟ್ ಬರೋಕೆ ಮೊದಲೇ ಗೊತ್ತಿತ್ತು. ರಾತ್ರಿ ಎರಡು ಗಂಟೆವರೆಗೆ ರೀಲ್ಸ್, ಬೆಳಿಗ್ಗೆ ಹತ್ತಕ್ಕೆ ಏಳೋದು, ಯಾರು ಮಾತಾಡ್ಸಿದ್ರೂ ಸಿಟ್ಟು. ಮೂರು ದಿನ ನೋಡಿದ ಅಜ್ಜಿ ನಾಲ್ಕನೇ ದಿನ ಪಿಕಾಸಿ, ಹಾರೆ, ಬುಟ್ಟಿ ತಂದು ಅಂಗಳದಲ್ಲಿಟ್ಟಳು. ತೆಂಗಿನ ಸಸಿ ನೆಡೋಕೆ ಗುಂಡಿ ಬೇಕಂತೆ. ಉದ್ದ, ಅಗಲ, ಆಳ ಎಲ್ಲಾ ಮೂರು ಮೂರು ಅಡಿ. "ಮಳೆಗಾಲಕ್ಕೆ ಇನ್ನೂ ನಾಲ್ಕೈದು ತಿಂಗಳಿದೆ ಅಲ್ದಾ" ಅಂದೆ. "ಕಲ್ಲು ಅಷ್ಟು ಬೇಗ ಮೆತ್ತಗಾಗ್ತದಾ? ತಳಕ್ಕೆ ಉಪ್ಪು ಹಾಕಿ ಬಿಡ್ಬೇಕು" ಅಂದಳು. ಲ್ಯಾಟರೈಟ್ ನೆಲದಲ್ಲಿ ತೆಂಗಿನ ಗುಂಡಿಯ ತಳಕ್ಕೆ ತಿಂಗಳುಗಟ್ಟಲೆ ಮೊದಲೇ ಉಪ್ಪು ಹಾಕೋದು ಕರಾವಳಿಯ ಹಳೆ ಪದ್ಧತಿ. ಗಟ್ಟಿ ಪದರ ನಿಧಾನಕ್ಕೆ ಸಡಿಲ ಆಗ್ತದೆ, ಬೇರು ಇಳಿಯೋಕೆ ಸುಲಭ.

ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ನಮ್ಮ ಕರಾವಳಿಯಲ್ಲೂ ಓಡಾಡಿದ್ದ, 1807ರಲ್ಲಿ ಬಂದ ಪುಸ್ತಕದಲ್ಲಿ ಈ ಹೆಸರು ಬಳಸಿದ. ಲ್ಯಾಟಿನ್ ಭಾಷೆಯಲ್ಲಿ 'ಲೇಟರ್' ಅಂದ್ರೆ ಇಟ್ಟಿಗೆ. ನೆಲದೊಳಗೆ ಇರುವಾಗ ಕತ್ತರಿಸುವಷ್ಟು ಮೆತ್ತಗೆ, ಗಾಳಿ ಬಿಸಿಲು ತಾಗಿದ ಮೇಲೆ ಗೋಡೆ ಕಟ್ಟುವಷ್ಟು ಗಟ್ಟಿ. ಹಾಗಾಗಿ ಮೊದಲ ಒಂದು ಅಡಿಯೇ ಕಷ್ಟ. ಮೊದಲ ದಿನ ಎರಡು ಗಂಟೆ ಹೊಡೆದು ನಾನು ಸಾಧಿಸಿದ್ದು ಒಂದು ತಟ್ಟೆಯಷ್ಟು ಗುಣಿ, ಕೈಯಲ್ಲಿ ಮೂರು ಬೊಕ್ಕೆ.

ಎರಡನೇ ದಿನದಿಂದ ಏನೋ ಸರಿಹೋಯಿತು. ಹಾರೆ ಎತ್ತು, ಬಿಡು, ಸ್ವಲ್ಪ ಮೀಟು. ಹತ್ತು ಸಲ ಹಾಗೆ ಮಾಡಿ ಮಣ್ಣು ಬುಟ್ಟಿಗೆ ತುಂಬು, ಹೊರಗೆ ಸುರಿ. ಮತ್ತೆ ಹಾರೆ. ಮ್ಯಾಥ್ಸ್ ಪೇಪರ್ ನೆನಪಾಗ್ತಿತ್ತು. ಆದ್ರೆ ಹಾರೆ ಎತ್ತುವಾಗ ನೆನಪಾದದ್ದು ಹಾರೆ ಬೀಳುವಾಗ ಇರ್ತಿರಲಿಲ್ಲ. ನಾಲ್ಕು ದಿನ ಬೆಳಿಗ್ಗೆ ಬೆಳಿಗ್ಗೆ ಇದೇ ಕೆಲಸ. ನಾಲ್ಕನೇ ದಿನ ಒಳಗೆ ನಿಂತಾಗ ಗುಂಡಿ ಸೊಂಟಕ್ಕೆ ಬರ್ತಿತ್ತು.

ಆಮೇಲೆ ಲೆಕ್ಕ ಹಾಕಿದೆ, ಎಷ್ಟೆಂದ್ರೂ ಎಂಜಿನಿಯರಿಂಗ್ ಹುಡುಗ ಅಲ್ವಾ. 27 ಘನ ಅಡಿ, ಅಂದ್ರೆ ಸುಮಾರು 0.76 ಘನ ಮೀಟರ್. ಘನ ಮೀಟರ್‌ಗೆ 1.7 ಟನ್ ಅಂತ ಹಿಡಿದ್ರೂ ಹತ್ತಿರ ಹತ್ತಿರ 1.3 ಟನ್ ಮಣ್ಣು. ಒಂದು ಸಣ್ಣ ಕಾರಿಗಿಂತ ಹೆಚ್ಚು ತೂಕವನ್ನು ನಾನು ಬುಟ್ಟಿಯಲ್ಲಿ ಹೊತ್ತು ಹಾಕಿದ್ದೆ. ಮೂರು ಸೆಮಿಸ್ಟರ್‌ನಲ್ಲಿ ನಾನು ಮಾಡಿದ ಯಾವ ಅಸೈನ್‌ಮೆಂಟ್‌ಗೂ ಇಷ್ಟು ಸ್ಪಷ್ಟ ಲೆಕ್ಕ ಇಲ್ಲ.

ನನ್ನ ಪ್ರಕಾರ ಸಮಾಧಾನ ಬರೋದು ಇಲ್ಲಿಂದಲೇ. ನಮ್ಮ ಓದಿನಲ್ಲಿ ಮಾಡಿದ್ದು ಇವತ್ತು, ಗೊತ್ತಾಗೋದು ಮೂರು ತಿಂಗಳಾದ ಮೇಲೆ, ಅದೂ ಪೋರ್ಟಲ್ ಓಪನ್ ಆದ್ರೆ. ಗುಂಡಿಯಲ್ಲಿ ಹಾಗಲ್ಲ. ತೆಗೆದಷ್ಟು ಆಳ, ಹಾಕಿದಷ್ಟು ರಾಶಿ, ಎರಡೂ ಕಣ್ಣೆದುರೇ ಇರ್ತವೆ. ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್ಸೆಂಟ್‌ಮಿಹಾಯ್ 'ಫ್ಲೋ' ಅಂತ ಕರೆದ ಸ್ಥಿತಿಗೂ ಗುರಿ ಸ್ಪಷ್ಟ ಇರಬೇಕು, ಮಾಡಿದ್ದರ ಫಲಿತಾಂಶ ಕೂಡಲೇ ಕಾಣಬೇಕು. ಹಾರೆ ಹಿಡಿದವರಿಗೆ ಎರಡೂ ಬಿಟ್ಟಿ ಸಿಗ್ತದೆ.

ಕನ್ನಡದಲ್ಲಿ ಇದಕ್ಕೆ ಎಷ್ಟು ಪದ ಇವೆ ನೋಡಿ. ಅಗೆ, ತೋಡು, ಕೆದರು, ಕಡಿ, ಬಗೆ. ಇಂಗ್ಲಿಷ್ ಮೀಡಿಯಮ್‌ನಲ್ಲಿ ಓದಿದ ನನಗೆ 'ಡಿಗ್' ಒಂದೇ ಸಾಕಾಗಿತ್ತು. 'ಬಗೆ' ಅಂದ್ರೆ ಅಗೆಯೋದೂ ಹೌದು, ಯೋಚಿಸೋದೂ ಹೌದು. ಎರಡೂ ಬೇರೆ ಬೇರೆ ಪದಗಳೇ ಇರಬಹುದು. ಆದ್ರೆ ಆ ಗುಂಡಿಯಲ್ಲಿ ನಿಂತಿದ್ದಾಗ ನನಗೆ ಎರಡೂ ಒಂದೇ ಅನ್ನಿಸಿತ್ತು.

ಇನ್ನು ಮರಳು. ರಜೆ ಮುಗಿಯೋಕೆ ಮೊದಲು ನಾಲ್ಕು ಜನ ಫ್ರೆಂಡ್ಸ್ ಕಾಸರಕೋಡಿಗೆ ಹೋದ್ವಿ. ಶರಾವತಿಯ ಆಚೆ ದಡ, 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕ ಬೀಚ್ ಇರೋ ಊರು. ಜನ ಕಡಿಮೆ ಇರೋ ಕಡೆ ಹೋಗಿ ತೆಂಗಿನ ಚಿಪ್ಪಿನಲ್ಲಿ ಸುಮ್ಮನೆ ತೋಡ್ತಾ ಕೂತ್ವಿ. ಹೋಗೋರು ಬರೋರೆಲ್ಲ ನಿಂತು "ಎಂತ ಕಳೀತು?" ಅಂತ ಕೇಳೋರೇ. "ಏನಿಲ್ಲ, ಸುಮ್ನೆ" ಅಂದ್ರೆ ಯಾರೂ ನಂಬಲಿಲ್ಲ. ಒಬ್ಬರು ಉಂಗುರ ಹುಡುಕೋಕೆ ಸಹಾಯ ಮಾಡ್ತೀನಿ ಅಂತ ಕೂತೇಬಿಟ್ರು. ಅದೇ ಜಾಗದಲ್ಲಿ ನಾಲ್ಕು ಜನ ಒಂದೂವರೆ ಗಂಟೆ ಮೊಬೈಲ್ ನೋಡ್ತಾ ಕೂತಿದ್ರೆ ಯಾರೂ ಏನೂ ಕೇಳ್ತಿರಲಿಲ್ಲ. ಕೈಗೆ ಕೆಲಸ ಕೊಟ್ರೆ ಮಾತ್ರ ಕಾರಣ ಹೇಳ್ಬೇಕಾ?

ಒಂದು ಎಚ್ಚರಿಕೆ ಹೇಳಲೇಬೇಕು. ಮರಳು ನಂಬಿಕಸ್ಥ ಅಲ್ಲ. ಒಣ ಮರಳು ಸುಮಾರು 34 ಡಿಗ್ರಿಗಿಂತ ಕಡಿದಾಗಿ ನಿಲ್ಲಲ್ಲ. ಒದ್ದೆ ಮರಳು ನೆಟ್ಟಗೆ ನಿಂತ ಹಾಗೆ ಕಾಣ್ತದೆ, ಒಣಗಿದ ಕೂಡಲೇ ಒಮ್ಮೆಲೇ ಕುಸಿಯುತ್ತದೆ. ಆಳದ ಗುಂಡಿ ಕುಸಿದು ಬೇರೆ ದೇಶಗಳ ಬೀಚ್‌ಗಳಲ್ಲಿ ಮಕ್ಕಳು ಸತ್ತಿದ್ದಾರೆ. ಹಾಗಾಗಿ ಮೊಣಕಾಲಿಗಿಂತ ಆಳ ಬೇಡ, ಎದ್ದು ಹೋಗುವಾಗ ಮುಚ್ಚಿ ಹೋಗಿ. ಆ ದಡಕ್ಕೆ ಮೊಟ್ಟೆ ಇಡೋಕೆ ಕಡಲಾಮೆಗಳೂ ಬರ್ತವೆ. ಅವಕ್ಕೂ ನಮ್ಮ ಗುಂಡಿ ಅಡ್ಡಿ ಆಗಬಾರದು.

ಇಲ್ಲಿವರೆಗೆ ನನ್ನ ವಾದ ಚೆನ್ನಾಗೇ ಇತ್ತು. ಕುಮಟಾಕ್ಕೆ ಹೋದ ಮೇಲೆ ಅದಕ್ಕೆ ಪೆಟ್ಟು ಬಿತ್ತು.

ದೊಡ್ಡಮ್ಮನ ಮನೆಗೆ ಹೋದಾಗ ಅಘನಾಶಿನಿ ಅಳಿವೆ ನೋಡೋಕೆ ಹೋಗಿದ್ದೆ. ಇಳಿತದ ಹೊತ್ತು. ನೀರು ಕೆಳಗಿಳಿದು ಕೆಸರು ಮೇಲೆ ಬಂದಿತ್ತು, ಹತ್ತಾರು ಜನ ಬಗ್ಗಿ ಕೆಸರು ಬಗೆದು ಬೆಳಚು ಆರಿಸ್ತಿದ್ರು. ಬೆಳಚು ಅಂದ್ರೆ ಕಪ್ಪೆಚಿಪ್ಪು. ಕೈ ಒಳಗೆ, ಹೊರಗೆ, ಬುಟ್ಟಿಗೆ, ಮತ್ತೆ ಒಳಗೆ. ನನಗೆ ನನ್ನ ಹಾರೆಯ ಲಯವೇ ನೆನಪಾಯಿತು. ದಡಕ್ಕೆ ಬಂದ ಒಬ್ಬ ಹೆಂಗಸಿನ ಹತ್ರ ದೊಡ್ಡ ಸಂಶೋಧಕನ ಹಾಗೆ ಕೇಳಿದೆ, "ಅಮ್ಮ, ಈ ಕೆಲಸ ಮಾಡುವಾಗ ಮನಸ್ಸಿಗೆ ಸಮಾಧಾನ ಅನ್ನಿಸ್ತದಾ?"

ಅವರು ಬುಟ್ಟಿ ಕೆಳಗಿಟ್ಟು ಸೊಂಟ ನೆಟ್ಟಗೆ ಮಾಡ್ಕೊಂಡ್ರು. "ಬೆನ್ನಿನ ಹತ್ರ ಕೇಳಿ ಹೇಳ್ತೆ" ಅಂದು ನಕ್ಕರು.

ನಾನೂ ನಕ್ಕೆ. ಆದ್ರೆ ವಾಪಸ್ ಬರುವಾಗ ಬಸ್ಸಿನಲ್ಲಿ ಒಂಥರಾ ನಾಚಿಕೆ ಆಯ್ತು. ನಾನು ನಾಲ್ಕು ದಿನ ತೋಡಿದ್ದು ಬೆಳಿಗ್ಗೆ ಎರಡೆರಡು ಗಂಟೆ. ಬಿಸಿಲೇರಿದ ಕೂಡಲೇ ಅಜ್ಜಿ ಮಜ್ಜಿಗೆ ಕೊಟ್ಟು ಒಳಗೆ ಕರೀತಿದ್ದಳು. ಅವರು ನಿಲ್ಲಿಸೋದು ಭರತ ಬಂದಾಗ ಅಥವಾ ಬುಟ್ಟಿ ತುಂಬಿದಾಗ. ನನ್ನದು ಹವ್ಯಾಸ ಆಗಿದ್ದು ಹಾರೆಯಿಂದಲ್ಲ, ಯಾವಾಗ ಬೇಕಾದ್ರೂ ಹಾರೆ ಕೆಳಗಿಡಬಹುದು ಅನ್ನೋದರಿಂದ. ಅಪ್ಪ ಅಮ್ಮ "ಗುಂಡಿ ತೋಡ್ಬೇಕಾಗತ್ತೆ" ಅಂತ ಹೆದರಿಸಿದ್ದೂ ಇದಕ್ಕೇ ಇರಬೇಕು. ನಿಲ್ಲಿಸೋಕೆ ಆಗದೆ ತೋಡಿದವರನ್ನು ಅವರು ಹತ್ತಿರದಿಂದ ನೋಡಿದ್ದರು. ನಾನು ನೋಡಿರಲಿಲ್ಲ.

ಹಾಗಾದ್ರೆ ಅಗತ್ಯಕ್ಕೆ ತೋಡುವವರಿಗೆ ಬರೀ ಬೆನ್ನುನೋವು, ಸಮಾಧಾನ ನಮ್ಮಂಥವರಿಗೆ ಮಾತ್ರವಾ? ಅಷ್ಟು ಸಿಂಪಲ್ ಕೂಡ ಅಲ್ಲ. ನಮ್ಮದೇ ಜಿಲ್ಲೆಯ ಶಿರಸಿಯ ಗೌರಿ ನಾಯ್ಕ ನಿಮಗೆ ಗೊತ್ತಿರಬಹುದು. ಮನೆಯ ಗಿಡಗಳಿಗೆ ನೀರಿಲ್ಲ ಅಂತ ಒಬ್ಬರೇ ಸುಮಾರು 60 ಅಡಿ ಬಾವಿ ತೋಡಿದವರು. ಅದು ಅಗತ್ಯ. ಆದ್ರೆ 2024ರಲ್ಲಿ ಅಂಗನವಾಡಿ ಮಕ್ಕಳಿಗೆ ನೀರಾಗಲಿ ಅಂತ ಮತ್ತೆ ಒಬ್ಬರೇ ತೋಡೋಕೆ ಇಳಿದರಲ್ಲ, ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಮಧ್ಯದಲ್ಲಿ ಅಧಿಕಾರಿಗಳು ತಡೆದರು. ಆದರೂ ತೋಡಿದರು, ನೀರೂ ಬಂತು. ದಕ್ಷಿಣ ಕನ್ನಡದ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರದ್ದೂ ಹೀಗೇ. ಹಗಲು ಕೂಲಿ ಕೆಲಸ, ಉಳಿದ ಹೊತ್ತಲ್ಲಿ ಗುಡ್ಡಕ್ಕೆ ಸುರಂಗ. ಐದು ಸುರಂಗ ತೋಡಿದರೂ ನೀರಿಲ್ಲ, ಆರನೆಯದರಲ್ಲಿ ಸಿಕ್ಕಿತು. 2022ರಲ್ಲಿ ಪದ್ಮಶ್ರೀ ಬಂತು. ಐದು ಸಲ ಖಾಲಿ ಬಂದ ಮೇಲೂ ಆರನೇ ಸಲ ಹಾರೆ ಎತ್ತಿದ್ದಕ್ಕೆ ನೀರಿನ ಅಗತ್ಯ ಒಂದೇ ಕಾರಣ ಅಂತ ನನಗನ್ನಿಸಲ್ಲ. ಆ ಕೆಲಸದೊಳಗೇ ಅವರಿಗೆ ಏನೋ ಸಿಗ್ತಿದ್ದಿರಬೇಕು. ಅದು ನನ್ನ ಊಹೆ.

ಹಾಗಾಗಿ ಈಗ ನನ್ನ ಅಭಿಪ್ರಾಯ ಹೀಗಿದೆ. ಗುಂಡಿ ತೋಡೋದರಲ್ಲಿ ಸಮಾಧಾನ ಇದೆ, ಆದ್ರೆ ಅದು ಮಣ್ಣು ಕೊಡುವಷ್ಟೇ ನಮ್ಮ ಸ್ವಾತಂತ್ರ್ಯವೂ ಕೊಡುವಂಥದ್ದು. ಆ ಸ್ವಾತಂತ್ರ್ಯ ಇರೋ ನಾವು ಅದನ್ನು ನಾಚಿಕೆಯ ಕೆಲಸ ಅನ್ನೋದು ನಿಲ್ಲಿಸಬೇಕು. "ಓದದಿದ್ರೆ ಗುಂಡಿ ತೋಡ್ತೀಯ" ಅನ್ನೋ ಮಾತನ್ನು ನಮ್ಮ ಮಕ್ಕಳಿಗಂತೂ ಹೇಳೋದು ಬೇಡ. ಆ ಮಾತಿನಿಂದ ಎರಡು ನಷ್ಟ. ಓದಿದವರ ಕೈಗೆ ಕೆಲಸ ಇಲ್ಲ, ತೋಡುವವರ ಕೆಲಸಕ್ಕೆ ಮರ್ಯಾದೆ ಇಲ್ಲ.

ಬರೀ ಅಭಿಪ್ರಾಯ ಹೇಳಿ ಹೋದ್ರೆ ಪ್ರಯೋಜನ ಇಲ್ಲ, ಒಂದು ಪ್ರಸ್ತಾಪವೂ ಇದೆ. ನಮ್ಮೂರ ಕಡೆ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಬೀಳ್ತದೆ, ಆದರೂ ಎಪ್ರಿಲ್ ಮೇ ತಿಂಗಳಲ್ಲಿ ಎಷ್ಟೋ ಬಾವಿ ಒಣಗ್ತವೆ. ಬಿದ್ದ ನೀರು ಗಂಟೆಗಳಲ್ಲಿ ಓಡಿ ಸಮುದ್ರ ಸೇರ್ತದೆ. ಅದಕ್ಕೇ ನಮ್ಮಲ್ಲಿ ಇಂಗುಗುಂಡಿ ಅಂತ ಮಾಡ್ತಾರೆ. ಇಳಿಜಾರಿಗೆ ಅಡ್ಡವಾಗಿ ಸಣ್ಣ ಸಣ್ಣ ಗುಂಡಿ, ಓಡೋ ನೀರು ಅಲ್ಲಿ ನಿಂತು ಕೆಳಗಿಳೀತದೆ. ನಮ್ಮ ಕಾಲೇಜಿನಲ್ಲೂ ಮಳೆ ಬಂದ್ರೆ ಹಾಸ್ಟೆಲ್ ಹಿಂದಿನ ಜಾಗದಿಂದ ಕೆಂಪು ನೀರು ಗೇಟಿನವರೆಗೆ ಹರಿಯೋದು ಎಲ್ಲರೂ ನೋಡಿದ್ದೇವೆ. ಜೂನ್‌ಗೆ ಮೊದಲು ಅಲ್ಲಿ ಹತ್ತು ಇಂಗುಗುಂಡಿ ತೋಡೋಣ. ಎಲ್ಲಿ, ಎಷ್ಟು ಆಳ ಅಂತ ಸಿವಿಲ್‌ನವರು ಹೇಳಲಿ. ಕಡಿದಾದ ದಿಬ್ಬದ ಅಂಚಿನಲ್ಲಿ ಬೇಡ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಜಾರಿ ಜೀವಗಳು ಹೋದದ್ದನ್ನು ನಮ್ಮ ಜಿಲ್ಲೆ ಮರೆತಿಲ್ಲ. ಎಲ್ಲಿ ತೋಡಬಾರದು ಅನ್ನೋದೂ ತೋಡುವವರಿಗೆ ಗೊತ್ತಿರಬೇಕು.

ಜೆಸಿಬಿ ತರಿಸಿದ್ರೆ ಅರ್ಧ ದಿನದ ಕೆಲಸ ಅಂತ ಹೇಳ್ತೀರಿ, ಗೊತ್ತು. ಕೆಲಸ ಬೇಗ ಮುಗಿಯೋದೇ ಮುಖ್ಯ ಆಗಿದ್ರೆ ಸರಿ. ನನಗೆ ಅದು ಮುಗಿಯದೇ ಇರೋದೂ ಸ್ವಲ್ಪ ಬೇಕು. ಸಂಜೆ ಅರ್ಧ ಗಂಟೆ, ಬಂದವರು ಬರಲಿ. ಇಬ್ಬರು ಬಂದ್ರೂ ಸಾಕು. ಫೋಟೋ ಬೇಡ, ಸರ್ಟಿಫಿಕೇಟ್ ಬೇಡ. ದಯವಿಟ್ಟು ಇದಕ್ಕೆ ಎಐಸಿಟಿಇ ಆ್ಯಕ್ಟಿವಿಟಿ ಪಾಯಿಂಟ್ ಮಾತ್ರ ಕೊಡಬೇಡಿ. ಪಾಯಿಂಟ್ ಕೊಟ್ಟ ದಿನ ಅದೂ ಇನ್ನೊಂದು ಅಸೈನ್‌ಮೆಂಟ್ ಆಗ್ತದೆ, ಹತ್ತು ಜನ ತೋಡಿ ನೂರು ಜನ ಸೈನ್ ಹಾಕ್ತಾರೆ.

ಗುಂಡಿ ತೋಡಿದ್ರೆ ಎಲ್ಲ ಸರಿಹೋಗ್ತದೆ ಅಂತ ನಾನು ಹೇಳ್ತಿಲ್ಲ. ನನ್ನ ಮ್ಯಾಥ್ಸ್ ಬ್ಯಾಕ್‌ಲಾಗ್ ಇನ್ನೂ ಹಾಗೇ ಇದೆ, ಪರೀಕ್ಷೆ ಮತ್ತೆ ಬರೀಬೇಕು. ಮೊನ್ನೆ ಅಜ್ಜಿಗೆ ಫೋನ್ ಮಾಡಿ ಗುಂಡಿ ಹೇಗಿದೆ ಅಂತ ಕೇಳಿದೆ. ಉಪ್ಪು ಹಾಕಿದ್ದಾಳಂತೆ, ಒಂದು ಬದಿ ಸ್ವಲ್ಪ ಉದುರಿದೆಯಂತೆ. "ಮೂಲೆ ಸರಿ ಕಡೀಲಿಲ್ಲ ನೀನು" ಅಂದಳು. ಸಸಿ ನೆಡೋದು ಜೂನ್‌ನಲ್ಲಿ. ಮೂಲೆ ಸರಿ ಮಾಡೋಕೆ ನಾನೇ ಬರ್ತೀನಿ, ಬೇರೆ ಯಾರಿಗೂ ಹೇಳಬೇಡ ಅಂದಿದ್ದೇನೆ.