ಹೆಲ್ಪರ್ ಅಂದರೆ ಯಾವ ಕಸುಬು?

ದೇವದುರ್ಗ ತಾಲ್ಲೂಕಿನ ಮಸರಕಲ್ಲಿನಂಥ ಊರಿನ ಹುಡುಗ ಐಟಿಐ ಮುಗಿಸಿ ರಾಯಚೂರಿಗೋ, ಬೆಂಗಳೂರಿನ ಪೀಣ್ಯಕ್ಕೋ ಬರುತ್ತಾನೆ. ಮೋಟರ್ ಬಿಚ್ಚಿ ರಿಪೇರಿ ಮಾಡುತ್ತಾನೆ, ವೈರಿಂಗ್ ಎಳೆಯುತ್ತಾನೆ. ಹಾಜರಿ ಪುಸ್ತಕದಲ್ಲಿ ಮಾತ್ರ ಅವನು ‘ಹೆಲ್ಪರ್’! ಎರಡು ವರ್ಷ ದುಡಿದರೂ ಕೈಗೆ ಸರ್ಟಿಫಿಕೇಟಿಲ್ಲ.

1961ರ ಅಪ್ರೆಂಟಿಸ್ ಕಾಯ್ದೆಯಡಿ ಸರ್ಕಾರ ಗೊತ್ತುಪಡಿಸಿದ ಕಸುಬುಗಳ ಪಟ್ಟಿಯೇ ಇದೆ: ಫಿಟ್ಟರ್, ಟರ್ನರ್, ವೆಲ್ಡರ್, ಎಲೆಕ್ಟ್ರಿಷಿಯನ್ ಹೀಗೆ. 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆ ಶೇ. 2.5ರಿಂದ 15ರಷ್ಟು ಅಪ್ರೆಂಟಿಸರನ್ನು ತೆಗೆದುಕೊಳ್ಳಲೇಬೇಕು. ಪಟ್ಟಿಯಲ್ಲಿಲ್ಲದ ಕೆಲಸಕ್ಕೂ 2014ರ ತಿದ್ದುಪಡಿ ‘ಐಚ್ಛಿಕ ಕಸುಬು’ ಎಂಬ ದಾರಿ ಮಾಡಿಕೊಟ್ಟಿದೆ. ಇನ್ನು ಮಾಲೀಕರಿಗೆ ನೆಪ ಎಲ್ಲಿದೆ?

ಗೆಳೆಯರೇ, ಅವರು ಕೊಟ್ಟ ಹೆಸರು ನೋಡಬೇಡಿ, ನೀವು ಮಾಡುವ ಕೆಲಸ ನೋಡಿ. ದಿನವಿಡೀ ಯಾವ ಯಂತ್ರದ ಮುಂದೆ ನಿಲ್ಲುತ್ತೀರಿ, ಏನು ಮಾಡುತ್ತೀರಿ ಎಂದು ಬರೆದಿಡಿ. ಅದನ್ನು ಕಸುಬಿನ ಪಠ್ಯಕ್ರಮದ ಜೊತೆ ಹೋಲಿಸಿ. ಹೊಂದುವ ಕಸುಬಿನ ಹೆಸರನ್ನೇ ಕರಾರಿನಲ್ಲಿ ಬರೆಸಿ. ಕರಾರು ಸರ್ಕಾರದಲ್ಲಿ ನೋಂದಣಿ ಆಗುವಂತೆ ನೋಡಿಕೊಳ್ಳಿ. ನೋಂದಣಿಯಿಲ್ಲದ ಅಪ್ರೆಂಟಿಸ್‌ಗಿರಿ ಬರೀ ಅಗ್ಗದ ಕೂಲಿ.

ಇದು ಸಣ್ಣ ಮಾತಲ್ಲ. ರೈಲ್ವೆಯ ಲೆವೆಲ್ 1 ನೇರ ನೇಮಕಾತಿಯಲ್ಲಿ ಶೇ. 20 ಹುದ್ದೆ ರೈಲ್ವೆಯಲ್ಲೇ ತರಬೇತಿ ಮುಗಿಸಿದ ಅಪ್ರೆಂಟಿಸರಿಗೆ ಮೀಸಲು. ಹುಬ್ಬಳ್ಳಿ, ಮೈಸೂರು ವರ್ಕ್‌ಶಾಪುಗಳ ಅಪ್ರೆಂಟಿಸ್ ಸೀಟನ್ನು ಇಂದು ಬಿಟ್ಟವನು ನಾಳೆ ಆ ನೌಕರಿಯನ್ನೂ ಬಿಟ್ಟಂತೆ!

ಮಹಿಷಿ ವರದಿ ಜಾರಿಯಾಗಲಿ ಎಂದು ಕೂಗುವ ನಾವು ಈ ಬಾಗಿಲನ್ನೂ ತಟ್ಟಬೇಕು. ಕಸುಬುಗಳ ಪಟ್ಟಿ, ಕರಾರು ಪತ್ರ ಎರಡೂ ಕನ್ನಡದಲ್ಲಿ ಸಿಗಲಿ. ಪ್ರತಿ ಐಟಿಐ ಗೋಡೆಯ ಮೇಲೆ ಆ ಪಟ್ಟಿ ಕಾಣಲಿ. ಮಸರಕಲ್ಲಿನ ಹುಡುಗ ಓದಿ, ತಿಳಿದು, ಆಮೇಲೆ ಸಹಿ ಹಾಕಲಿ.